ನೀರಿನಲ್ಲಿ ಹಚ್ಚಿದ ದೀಪಕ್ಕೆ ಎಣ್ಣೆ

ಮೈಸೂರು: ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಆ ಹೆಂಗಸನ್ನು ನೀವೂ ನೋಡಿರುತ್ತೀರಿ. ಒಂದು ಕೈಯಲ್ಲಿ ದೀಪ, ಅದು ಆರದಂತೆ ಅಡ್ಡ ಹಿಡಿದ ಇನ್ನೊಂದು ಕೈ, ಹಿಂದಿನ ಗೋಡೆಯ ಮೇಲೆ ನೆರಳು. ‘ಅದೇ ಸ್ವಾಮಿ, ರವಿವರ್ಮನ ಚಿತ್ರ’ ಅನ್ನುವವರು ಬಹಳ.

ಅಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದನ್ನು 1945-46ರ ಸುಮಾರಿಗೆ ಬರೆದವರು ಮುಂಬಯಿಯಲ್ಲಿ ಕಲಾಶಾಲೆ ನಡೆಸುತ್ತಿದ್ದ ಎಸ್.ಎಲ್. ಹಲ್ದಂಕರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ, 2018ರಲ್ಲಿ ಕೊಲ್ಹಾಪುರದಲ್ಲಿ ಕಣ್ಣು ಮುಚ್ಚಿದರು. ಮೂಲಚಿತ್ರ ಸೇರಿದ್ದು ನಮ್ಮ ಜಗನ್ಮೋಹನ ಅರಮನೆಯ ಕಲಾಶಾಲೆಗೆ.

ಈಗ ಆ ಚಿತ್ರದ ಹಿಂದೆ ಬಿದ್ದಿರುವವರು ನಮ್ಮೂರಿನ ಒಬ್ಬ ಬೋರ್ಡ್ ಪೇಂಟರ್. ಹೆಸರು ಹಾಕಬೇಡಿ ಅಂದರು, ಹಾಕಿಲ್ಲ. ಎಷ್ಟೋ ಅಂಗಡಿಗಳ ಬೋರ್ಡು ಇವರ ಕೈಯದೇ. ಫ್ಲೆಕ್ಸ್ ಬಂತು, ಡಬ್ಬ ಬ್ರಷ್ಷು ಅಟ್ಟ ಸೇರಿದವು. ಮೊನ್ನೆ ಒಬ್ಬ ಕಲ್ಯಾಣ ಮಂಟಪದ ಯಜಮಾನರು, ‘ನಮ್ಮ ತಂದೆಯವರ ಆಯಿಲ್ ಪೇಂಟಿಂಗ್ ಬೇಕು, ಮೊದಲು ಒಂದು ಮಾದರಿ ತೋರಿಸಿ’ ಅಂದರಂತೆ. ಆ ಮಾದರಿಯೇ ಈ ದೀಪದಮ್ಮ.

ಪೇಚು ಇರುವುದೇ ಇಲ್ಲಿ. ಮೂಲಚಿತ್ರ ಎಣ್ಣೆ ಬಣ್ಣದ್ದಲ್ಲ, ನೀರಿನ ಬಣ್ಣದ್ದು! ನೀರಿನ ಬಣ್ಣದಲ್ಲಿ ಬೆಳಕು ಎಂದರೆ ಕಾಗದದ ಬಿಳುಪನ್ನೇ ಉಳಿಸಿಕೊಳ್ಳುವುದು. ಒಮ್ಮೆ ಮುಚ್ಚಿದರೆ ಮತ್ತೆ ತರುವುದು ಕಷ್ಟ. ಎಣ್ಣೆಯಲ್ಲಿ ಲೆಕ್ಕ ಉಲ್ಟಾ. ಮೊದಲು ಕತ್ತಲೆ ಬರೆಯಬೇಕು, ಬೆಳಕು ಕಡೆಗೆ ಬರುತ್ತದೆ.

‘ಚೌಕ ಎಳೆದು ದೊಡ್ಡದು ಮಾಡೋದು ನಮಗೆ ನೀರು ಕುಡಿದಷ್ಟು ಸುಲಭ ಸಾರ್. ಬಣ್ಣ ಹಾಕೋವಾಗ್ಲೇ ಸಿಕ್ಕಿಬಿದ್ದೆ’ ಎಂದರು. ಬೋರ್ಡಿನ ಎನಾಮಲ್ ಅಭ್ಯಾಸ ನೋಡಿ, ಗೆರೆಯೊಳಗೆ ತುಂಬಿಸಿದರೆ ಮುಗಿಯಿತು. ಮೊದಲ ಸಲ ಕೈಬೆರಳುಗಳಿಗೆ ಗಟ್ಟಿಯಾಗಿ ಕಿತ್ತಳೆ ಬಳಿದರು. ಬೆರಳು ಹೋಗಿ ಬ್ಯಾಡಗಿ ಮೆಣಸಿನಕಾಯಿ ಆಯಿತು.

ಪಕ್ಕದ ಬೀದಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೈ ಹಿಡಿದು ತಿದ್ದಿದರು. ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಚಿತ್ರದ ನೆರಳು ಮೊದಲು. ಕತ್ತಲಿಗೆ ಡಬ್ಬದ ಕಪ್ಪು ಬೇಡ. ಕಂದಿಗೆ ನೀಲಿ ಬೆರೆಸಿದರೆ ಕತ್ತಲೆಗೂ ಆಳ ಬರುತ್ತದೆ. ಮೇಲಿನ ಪದರಕ್ಕೆ ಅಗಸೆ ಎಣ್ಣೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ತಿರುವು ಮುರುವಾದರೆ ಕೆಳಗಿನ ಪದರ ಆಮೇಲೆ ಒಣಗಿ, ಮೇಲಿನದು ಕೆರೆಯ ತಳದಂತೆ ಬಿರಿಯುತ್ತದೆ. ಬೆರಳ ಸಂದಿಯ ಕೆಂಪಿಗೆ ಗಾಜಿನಷ್ಟು ತೆಳುವಾದ ಬಣ್ಣ, ಒಂದು ಒಣಗಿದ ಮೇಲೆ ಇನ್ನೊಂದು. ಒಂದೊಂದಕ್ಕೂ ದಿನಗಟ್ಟಲೆ ಕಾಯಬೇಕು.

ಇನ್ನೊಂದು ತಾಪತ್ರಯ. ಕೊಂಡ ಅಚ್ಚಿನ ಪ್ರತಿ ಒಂದರಲ್ಲಿ ಸೀರೆ ನೇರಳೆ, ಇನ್ನೊಂದರಲ್ಲಿ ಬದನೆಕಾಯಿ. ಯಾವುದನ್ನು ನಂಬೋದು? ಟಿಕೆಟ್ ತೆಗೆದುಕೊಂಡು ಮೂಲವನ್ನೇ ನೋಡಿ ಬಂದರು. ಸಿಟಿ ಬಸ್ಸಿನಲ್ಲಿ ಯಾರ ಹತ್ತಿರವೂ ಮಾತಾಡಲಿಲ್ಲವಂತೆ, ಮಾತಾಡಿದರೆ ಬಣ್ಣ ಮರೆತುಹೋಗುತ್ತೆ ಅಂತ.

ಮನೆಯವರಿಗೆ ಇದೆಲ್ಲ ಅಷ್ಟಕ್ಕಷ್ಟೆ. ‘ಆ ಕೈಗೆ ಬಳಿದ ಬಣ್ಣದ ದುಡ್ಡಲ್ಲಿ ನಮ್ಮ ಅಡುಗೆಮನೆಗೆ ಎರಡು ಸಲ ಸುಣ್ಣ ಹೊಡೀಬಹುದಿತ್ತು’ ಎಂದು ಕಾಫಿ ಕೊಡುತ್ತಾ ಹೇಳಿದರು. ಸುಳ್ಳೇನಲ್ಲ, ಕಲಾವಿದರ ಟ್ಯೂಬುಗಳು ಎನಾಮಲ್ ದರಕ್ಕೆ ಸಿಗುವುದಿಲ್ಲ.

ನನ್ನ ಕಣ್ಣಿಗೆ ಮುಖ ಚೆನ್ನಾಗಿದೆ, ಗೋಡೆಯ ನೆರಳು ಇನ್ನೂ ಚೆನ್ನ. ಬೀದಿಯ ದಿನಸಿ ಅಂಗಡಿಯವರು ಈಗಲೇ ಕೇಳಿದ್ದಾರೆ, ಕೆಳಗೆ ‘ರವಿವರ್ಮ’ ಅಂತ ಬರೆದುಕೊಟ್ಟರೆ ಇನ್ನೂ ಐನೂರು ಹೆಚ್ಚಿಗೆ ಅಂತ. ಇವರು ಕ್ಯಾನ್ವಾಸಿನ ಹಿಂಬದಿಯಲ್ಲಿ ‘ಹಲ್ದಂಕರ್ ಚಿತ್ರ ನೋಡಿ ಬರೆದದ್ದು’ ಎಂದು ಬರೆದಾಗಿದೆ. ಎಷ್ಟಾದರೂ ಬೋರ್ಡ್ ಬರೆದ ಕೈ, ಅಕ್ಷರ ಮಾತ್ರ ಮುತ್ತು.

ನಾನು ಹೋದ ದಿನ ಬೆಳಿಗ್ಗೆ ಕೈಯನ್ನು ಮೂರನೆಯ ಸಲ ಚಾಕುವಿನಿಂದ ಕೆರೆದು ಮತ್ತೆ ಬರೆದಿದ್ದರು. ‘ಹಲ್ದಂಕರ್‌ಗೆ ಈ ಸವಲತ್ತು ಇರ್ಲಿಲ್ಲ ಸಾರ್’ ಎಂದು ನಕ್ಕರು.

ಮಂಟಪದ ಯಜಮಾನರು ಬರುವುದು ಭಾನುವಾರ. ಕೈ ಇನ್ನೂ ಹಸಿ.