ಕೆಂಪು ಪುಂಡಿ: ಬಿತ್ತನೆಯಿಂದ ಪಾನಕದವರೆಗೆ

‘ಹೈಬಿಸ್ಕಸ್ ಟೀ’ ಎಂದು ಪೊಟ್ಟಣದಲ್ಲಿ ಮಾರುವ ಕೆಂಪು ಚೂರುಗಳು ದೇವರಿಗೆ ಏರಿಸುವ ದಾಸವಾಳದ ಎಸಳೆಂದು ಬಹಳ ಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಅವು ದಾಸವಾಳದ ದಾಯಾದಿಯಾದ ಕೆಂಪು ಪುಂಡಿಯವು. ಆಫ್ರಿಕಾ ಮೂಲದ ಈ ಗಿಡದ ತಿಳಿಹಳದಿ ಹೂವು ಬೆಳಿಗ್ಗೆ ಅರಳಿ ಅಂದೇ ಬಾಡುತ್ತದೆ. ಎಸಳು ಉದುರಿದ ಮೇಲೆ ಬುಡದ ಪುಷ್ಪಪಾತ್ರೆ ದಿನೇದಿನೇ ದಪ್ಪವಾಗಿ, ರಸ ತುಂಬಿ ಕಡುಗೆಂಪಾಗುತ್ತದೆ. ನಮಗೆ ಬೇಕಾದ್ದು ಅದೇ. ಮೈಸೂರಿನ ಕುವೆಂಪುನಗರದ ಮೂವತ್ತು-ನಲವತ್ತರ ಸೈಟಿನ ಕಾಂಪೌಂಡ್ ಪಕ್ಕ ಬಿಸಿಲು ಬೀಳುವ ತುಸು ಮಣ್ಣಿದ್ದರೂ ನಾಲ್ಕು ಗಿಡ ಬೆಳೆಸಬಹುದು. ಮಣ್ಣಿಲ್ಲದವರಿಗೆ ತಾರಸಿಯ ಮೇಲಿನ ದೊಡ್ಡ ಗ್ರೋಬ್ಯಾಗ್ ಸಾಕು.

ಬೀಜ ಕೊಳ್ಳುವಾಗಲೇ ವಿಚಾರಿಸಿ. ಸೊಪ್ಪಿಗೂ ನಾರಿಗೂ ಬೆಳೆಯುವ ಪುಂಡಿಯೇ ಬೇರೆ. ಉತ್ತರ ಕರ್ನಾಟಕದವರು ಅದರ ಎಲೆಗೆ ಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಸೇರಿಸಿ ಪುಂಡಿಪಲ್ಲೆ ಮಾಡಿ ರೊಟ್ಟಿಯ ಜೊತೆ ಉಣ್ಣುತ್ತಾರೆ. ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ತೆಗೆದ ನಾರು ಹಗ್ಗವಾಗುತ್ತದೆ. ಆದರೆ ಅದರ ಪುಷ್ಪಪಾತ್ರೆ ತೆಳು, ರಸವಿಲ್ಲ. ಪಾನಕದ ಆಸೆಯಿದ್ದವರು ದಪ್ಪ ಪುಷ್ಪಪಾತ್ರೆಯ ಕೆಂಪು ತಳಿಯ ಬೀಜವನ್ನೇ ಕೇಳಿ ಪಡೆಯಬೇಕು. ಇದರ ಎಳೆ ಎಲೆಯೂ ಹುಳಿಯೇ, ಚಟ್ನಿಗೆ ಬಲು ಚೆನ್ನ.

ಈ ಗಿಡ ಹೂ ಬಿಡುವುದು ಹಗಲು ಕುಗ್ಗಿ ರಾತ್ರಿ ಉದ್ದವಾದಾಗ. ಮೈಸೂರಿನಲ್ಲಿ ಜೂನ್ 21ರ ಸುಮಾರಿಗೆ ಹಗಲು 13 ಗಂಟೆಗೆ ತುಸು ಕಡಿಮೆ. ಡಿಸೆಂಬರ್ ಕೊನೆಯ ಹೊತ್ತಿಗೆ 11 ಗಂಟೆ 20 ನಿಮಿಷದಷ್ಟು. ಮುಂಗಾರಿನ ಆರಂಭದಲ್ಲಿ, ಮೇ-ಜೂನ್‌ನಲ್ಲಿ ಬಿತ್ತಿದ ಗಿಡ ದಸರಾ ವೇಳೆಗೆ ಆಳೆತ್ತರ ಬೆಳೆದು ಮೊಗ್ಗಿಗೆ ತಯಾರಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಮೊಣಕಾಲೆತ್ತರದಲ್ಲೇ ಹೂ ಬಿಟ್ಟು, ನಾಲ್ಕಾರು ಕಾಯಿಗೆ ಆಟ ಮುಗಿಯುತ್ತದೆ. ನಗರದಲ್ಲಿ ಇನ್ನೊಂದು ತೊಡಕೂ ಉಂಟು: ಬೀದಿದೀಪ. ರಾತ್ರಿಯಿಡೀ ಅದರ ಬೆಳಕು ಗಿಡದ ಮೇಲೆ ನೇರವಾಗಿ ಬಿದ್ದರೆ ಕತ್ತಲೆಯ ಲೆಕ್ಕ ತಪ್ಪಿ ಹೂ ತಡವಾಗಬಹುದು. ಸೊಂಪಾಗಿ ಬೆಳೆದೂ ಮೊಗ್ಗು ಕಾಣದ ಗಿಡಕ್ಕೆ ಗೊಬ್ಬರ ಸುರಿಯುವ ಮುನ್ನ ತಲೆಯೆತ್ತಿ ದೀಪದ ಕಂಬ ಎಲ್ಲಿದೆ ನೋಡಿ.

ಗಿಡದಿಂದ ಗಿಡಕ್ಕೆ ಮೂರಡಿ ಬಿಡಿ. ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಿದರೆ ಕವಲು ಹೆಚ್ಚು. ಬೇರಿನಲ್ಲಿ ನೀರು ನಿಲ್ಲಬಾರದು. ಹಿಟ್ಟು ತಿಗಣೆ ಕಂಡರೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿ.

ಹೂ ಉದುರಿ ಎರಡು-ಮೂರು ವಾರಕ್ಕೆ, ಪುಷ್ಪಪಾತ್ರೆ ಕೊಬ್ಬಿ, ಉಗುರಿಗೆ ‘ಟಕ್’ ಎಂದು ಮುರಿಯುವಂತಿರುವಾಗಲೇ ಕೊಯ್ಯಬೇಕು. ತಡಮಾಡಿದರೆ ನಾರಾಗುತ್ತದೆ. ಬುಡ ಕತ್ತರಿಸಿ, ಒಳಗಿನ ಹಸಿರು ಬೀಜದ ಗುಂಡನ್ನು ಹೊರದೂಡಿ, ಕೆಂಪು ಭಾಗವನ್ನು ನೆರಳಲ್ಲಿ ಒಣಗಿಸಿ. ಹತ್ತು ಕಿಲೋ ಹಸಿಯದು ಒಣಗಿ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಯುತ್ತದೆ. ಪೊಟ್ಟಣದ ಬೆಲೆ ಏಕೆ ಅಷ್ಟೆಂದು ಆಗ ತಿಳಿಯುತ್ತದೆ.

ಬಣ್ಣ ಬರುವುದು ಆಂಥೋಸಯನಿನ್ ಎಂಬ ವಸ್ತುವಿನಿಂದ. ಹುಳಿಯಲ್ಲಿ ಕೆಂಪಾಗಿರುವ ಅದು ಸೋಡಾಪುಡಿ ಬಿದ್ದರೆ ನೀಲಿ-ಹಸಿರಿಗೆ ತಿರುಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಪಾನಕ ಮಂಕಾಗುವುದೂ ಇದರಿಂದಲೇ. ನಲ್ಲಿಯಲ್ಲಿ ಬರುವ ನದಿನೀರು ವಾಸಿ. ಬಹಳ ಹೊತ್ತು ಕುದಿಸಿದರೆ ಬಣ್ಣ ಕಂದು. ಕುದಿದ ನೀರು ಇಳಿಸಿ, ಒಂದು ಲೋಟಕ್ಕೆ ಒಂದು ಚಮಚ ಒಣ ಪುಂಡಿ ಹಾಕಿ, ಐದಾರು ನಿಮಿಷ ಮುಚ್ಚಿಟ್ಟು ಸೋಸಿ. ಬೆಲ್ಲ, ಏಲಕ್ಕಿ ಸೇರಿದರೆ ನಮ್ಮ ಪಾನಕ. ಸಕ್ಕರೆ ಹಾಕಿ ತಣ್ಣಗೆ ಕುಡಿದರೆ ಸುಡಾನಿನ ಕರ್ಕಡೆ, ಸೆನೆಗಲ್‌ನ ಬಿಸಾಪ್. ಹಸಿ ಪುಷ್ಪಪಾತ್ರೆಯನ್ನು ಎಣ್ಣೆಯಲ್ಲಿ ಬಾಡಿಸಿ ಒಣಮೆಣಸು, ಮೆಂತ್ಯ, ಇಂಗಿನೊಡನೆ ರುಬ್ಬಿದ ಚಟ್ನಿಗೆ ಹುಣಸೆ ಬೇಡ. ಪೆಕ್ಟಿನ್ ಇರುವುದರಿಂದ ಜಾಮ್ ತಾನಾಗಿ ಗಟ್ಟಿಯಾಗುತ್ತದೆ. ಯಾವುದಕ್ಕೂ ಅಲ್ಯೂಮಿನಿಯಂ, ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ.

ಇದರ ಪಾನಕ ರಕ್ತದೊತ್ತಡವನ್ನು ತುಸು ಇಳಿಸುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಹಾಗೆಂದು ಮಾತ್ರೆ ಬಿಡಬಾರದು. ಬಿ.ಪಿ., ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಬಸುರಿಯರು ದಿನವೂ ಕುಡಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಕಿಡ್ನಿಯಲ್ಲಿ ಕಲ್ಲಾಗುವವರಿಗೆ ಮಿತಿ ಬೇಕು.

ಒಂದು ಗಿಡದ ಕಾಯಿಗಳನ್ನು ಮುಟ್ಟದೆ ಬಿಡಿ. ಅವು ಒಣಗಿ ಬಿರಿಯುವ ಮುಂಚೆ ಕೊಯ್ದು, ಬೀಜ ಬಿಡಿಸಿ, ಡಬ್ಬಿಯಲ್ಲಿ ತೇವ ತಾಗದಂತೆ ಇಟ್ಟರೆ ಮುಂದಿನ ಮುಂಗಾರಿಗೆ ಬಿತ್ತಲೂ ಆಯಿತು, ಪಕ್ಕದ ಮನೆಗೆ ಕೊಡಲೂ ಆಯಿತು.