ಬಾಗಿಲು ಮುಚ್ಚಿದ ದಿನಗಳ ಖಾತೆ

ಅರ್ಧ ಶತಮಾನ ವ್ಯಾಪಾರ ಮಾಡಿದವರಿಗೆ ಬಂದ್, ಬರಗಾಲ, ಬೆಲೆಯ ಏರಿಳಿತ ಯಾವುದೂ ಹೊಸತಲ್ಲ. ಆದರೆ ಅಂಗಡಿಯಲ್ಲಿ ಸರಕು ತುಂಬಿದ್ದು, ಗಿರಾಕಿಯೂ ಊರಿನಲ್ಲಿಯೇ ಇದ್ದು, ಬೀಗ ಮಾತ್ರ ತೆಗೆಯಲಾಗದ ಪರಿಸ್ಥಿತಿಯನ್ನು ಹುಬ್ಬಳ್ಳಿಯ ಜವಳಿ ವರ್ತಕರೊಬ್ಬರು ಮೊದಲ ಬಾರಿಗೆ ಕಂಡದ್ದು ತಮ್ಮ 74ನೆಯ ವಯಸ್ಸಿನಲ್ಲಿ.

2020ರ ಮಾರ್ಚ್ 24ರ ರಾತ್ರಿ 21 ದಿನಗಳ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನವೇ ಯುಗಾದಿ. ಹಬ್ಬಕ್ಕೂ ಮದುವೆಯ ಹಂಗಾಮಿಗೂ ತರಿಸಿದ್ದ ಇಳಕಲ್ ಸೀರೆಗಳು, ಗುಳೇದಗುಡ್ಡದ ಖಣಗಳು ಕಟ್ಟು ಬಿಚ್ಚದೆ ಉಳಿದವು. ಮುಂದೆ ಮೇ ತಿಂಗಳಿನಲ್ಲಿ ನಿರ್ಬಂಧ ಸಡಿಲಗೊಂಡಾಗಲೂ 65 ವರ್ಷ ಮೀರಿದವರು ಮನೆಯಲ್ಲಿಯೇ ಇರಬೇಕೆಂಬ ಸೂಚನೆಯಿದ್ದುದರಿಂದ ಅಂಗಡಿಗೆ ಮಗ ಹೋದನು. ಯಜಮಾನರು ಪಡಸಾಲೆಯಲ್ಲಿ ಉಳಿದರು.

ಮುಂಜಾನೆ ಪೂಜೆ ಮುಗಿಸಿ, ಅಂಗಡಿಯ ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡು ಹೊರಡುವುದು ಅವರ ರೂಢಿ. ಆ ದಿನಗಳಲ್ಲಿಯೂ ಒಂಬತ್ತೂವರೆಗೆ ಸರಿಯಾಗಿ ಟೋಪಿ ಧರಿಸಿ ಕುಳಿತುಬಿಡುತ್ತಿದ್ದರು. “ಅಜ್ಜಾ, ಇವತ್ತ ಎಲ್ಲಿಗೆ ಹೊಂಟಿ?” ಎಂದು ಮೊಮ್ಮಗಳು ನಗುತ್ತಿದ್ದಳು. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಕಾಡಿದಾಗ ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಸಂಗತಿಯನ್ನು ಅವರು ತಮ್ಮ ಅಜ್ಜನಿಂದ ಕೇಳಿದ್ದರು. “ಆಗ ಊರು ಬಿಟ್ಟು ಬಯಲಿಗೆ ಹೋದರು, ಈಗ ಬಯಲು ಬಿಟ್ಟು ಒಳಗೆ ಕುಳಿತೆವು” ಎಂಬುದು ಅವರ ಮಾತು.

ಕುಳಿತಲ್ಲಿಂದಲೇ ಅವರು ಮಾಡಿದ ಮೊದಲ ಕೆಲಸ ದೂರವಾಣಿಯದು. ನೇಕಾರರಿಗೆ ಕೊಡಬೇಕಾಗಿದ್ದ ಹಣವನ್ನು ಮೊಬೈಲಿನ ಮೂಲಕ ಕಳುಹಿಸುವುದನ್ನು ಮೊಮ್ಮಗಳಿಂದ ಕಲಿತರು. ಅಂಗಡಿಯ ನಾಲ್ವರು ಕೆಲಸಗಾರರಿಗೆ ಏಪ್ರಿಲ್‌ನಲ್ಲಿ ಪೂರ್ಣ ಪಗಾರ ಕೊಟ್ಟರು; ಮುಂದಿನ ಎರಡು ತಿಂಗಳು ಅರ್ಧ ಮಾತ್ರ ಸಾಧ್ಯವಾಯಿತು. ಸೂರತ್ತಿನ ಸಗಟು ವ್ಯಾಪಾರಿಗೆ ತಾವೇ ಕರೆ ಮಾಡಿ, ಹಣಕ್ಕೆ ತಡವಾಗುವುದೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. “ಕೊಡುವ ದಿನ ಯಾರಾದರೂ ಫೋನ್ ಎತ್ತುತ್ತಾರೆ. ಕೊಡಲಾಗದ ದಿನ ಎತ್ತುವವನೇ ವ್ಯಾಪಾರಿ.” ರಿಸರ್ವ್ ಬ್ಯಾಂಕು ಆ ವರ್ಷ ಸಾಲದ ಕಂತುಗಳಿಗೆ ಆಗಸ್ಟ್ 31ರವರೆಗೆ ಬಿಡುವು ನೀಡಲು ಅವಕಾಶ ಕಲ್ಪಿಸಿತ್ತು. ಕಂತು ನಿಂತರೂ ಬಡ್ಡಿ ನಿಲ್ಲದೆಂಬುದನ್ನು ಅರಿತ ಅವರು ಸಾಧ್ಯವಾದಷ್ಟನ್ನು ಕಟ್ಟುತ್ತಲೇ ಬಂದರು.

ಆದರೆ ಅವರ ಮನಸ್ಸನ್ನು ನಿಜವಾಗಿ ಅಲುಗಿಸಿದ್ದು 2021ರ ಎರಡನೆಯ ಅಲೆ. ಆ ಮೇ ತಿಂಗಳಿನಲ್ಲಿ, ನಾಲ್ವತ್ತು ವರ್ಷ ಪಕ್ಕದ ಮಳಿಗೆಯಲ್ಲಿ ಕುಳಿತಿದ್ದ ಗೆಳೆಯರು ಜ್ವರದಿಂದ ತೀರಿಕೊಂಡರು. ಮಣ್ಣಿಗೆ ಹೋಗುವುದು ಸಾಧ್ಯವಾಗಲಿಲ್ಲ. ಮೂರನೆಯ ರಾತ್ರಿ ಅವರಿಗೊಂದು ಸಂಗತಿ ನೆನಪಾಯಿತು: ಹಿಂದಿನ ದೀಪಾವಳಿಗೆ ಆ ಗೆಳೆಯರಿಂದ ಎರಡು ಲಕ್ಷ ರೂಪಾಯಿಗಳನ್ನು ಕೈಗಡ ತಂದಿದ್ದರು. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬರು ಇಲ್ಲವಾಗಿದ್ದರು. ತಮಗೂ ಅದೇ ಗತಿಯಾದರೆ ಸಾಲ ತಮ್ಮೊಡನೆಯೇ ಹೋಗುತ್ತಿತ್ತು. ಋಣ ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು.

ಬೆಳಗಾಗುತ್ತಲೇ ಮಗನನ್ನು ಕರೆದು ಹೇಳಿದರು. ಅವನಿಗೆ ಏನೂ ತಿಳಿದಿರಲಿಲ್ಲ. ಸರಕು ಮಾರಾಟವಾಗದ ಆ ದಿನಗಳಲ್ಲಿ ಎರಡು ಲಕ್ಷ ಸಣ್ಣ ಮೊತ್ತವಲ್ಲ. ಆದರೂ ಬ್ಯಾಂಕಿನ ಠೇವಣಿ ಮುರಿಸಿ ಗೆಳೆಯರ ಮಗನಿಗೆ ಹಣ ಕಳುಹಿಸಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನಂತರ, “ಅಪ್ಪಾರು ನಮಗ ಇದನ್ನ ಹೇಳಿರಲಿಲ್ಲ, ಕಾಕಾ” ಎಂದನು.

ಅಂದಿನಿಂದ ಅವರ ತಿಜೋರಿಯಲ್ಲಿ ಇನ್ನೊಂದು ಪುಸ್ತಕವಿದೆ. ಬಾಯಿಮಾತಿನಲ್ಲಿ ಕೊಟ್ಟದ್ದು, ತಂದದ್ದು ಎರಡೂ ಅದರಲ್ಲಿ ದಾಖಲಾಗುತ್ತವೆ. ಅಮಾವಾಸ್ಯೆಯ ಅಂಗಡಿ ಪೂಜೆಯ ನಂತರ ಮಗ, ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಅದನ್ನು ಓದಿಸುತ್ತಾರೆ. ಮಾತಿನ ಮೇಲೆ ನಡೆಯುವ ವ್ಯವಹಾರವನ್ನು ಅವರು ಕೈಬಿಟ್ಟಿಲ್ಲ. ಅದಿಲ್ಲದೆ ಪೇಟೆ ನಡೆಯದೆಂಬುದು ಅವರ ದೃಢ ನಂಬಿಕೆ. “ಮಾತು ಕೊಟ್ಟವನು ಇಲ್ಲದಾಗಲೂ ಮಾತು ಉಳಿಯಬೇಕಾದರೆ ಅದು ಮನೆಯವರಿಗೆ ತಿಳಿದಿರಬೇಕು” ಎನ್ನುತ್ತಾರೆ. ಪೇಟೆ ಎಂದಿನಂತೆ ತೆರೆದಿರುವ ಈ ದಿನಗಳಲ್ಲಿಯೇ ವರ್ತಕ ಬಾಂಧವರು ಇಂತಹದೊಂದು ಪುಸ್ತಕವನ್ನು ಬರೆದಿಡುವುದು ಒಳಿತು.