ಆ ಇಪ್ಪತ್ತನಾಲ್ಕು ಬೈಟ್‌ಗಳು

1.44 ಎಂಬಿ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆಲ್ಲ ಬಾಯಿಪಾಠವಾಗಿದ್ದ ಅಂಕಿ ಇದು. ಮೂರೂವರೆ ಇಂಚಿನ ಫ್ಲಾಪಿಯ ಈ ಅಳತೆ ಯಾವ ಲೆಕ್ಕಕ್ಕೂ ತಾಳೆಯಾಗುವುದಿಲ್ಲ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬಂದಿರಲಿಲ್ಲ.

ಫ್ಲಾಪಿಗೆ ಎರಡು ಮಗ್ಗುಲು, ಮಗ್ಗುಲಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಮೆಗಾ ಎಂದರೆ ಹತ್ತು ಲಕ್ಷ ಎನ್ನುವುದಾದರೆ ಇದು 1.47 ಎಂಬಿ. 1024ನ್ನು 1024ರಿಂದ ಗುಣಿಸಿದಷ್ಟು ಎನ್ನುವುದಾದರೆ 1.41. ಹಾಗಿದ್ದರೆ 1.44 ಎಲ್ಲಿಂದ ಬಂತು? ಮೊದಲು 1024ರಿಂದ ಭಾಗಿಸಿ 1440 ಕೆಬಿ ಮಾಡಿಕೊಂಡರು, ಆಮೇಲೆ 1000ದಿಂದ ಭಾಗಿಸಿದರು! ಒಂದೇ ಲೆಕ್ಕದೊಳಗೆ ಎರಡು ಅಳತೆಗೋಲು.

ಈ ಗೋಜಲಿನ ಬೇರು ಅರುವತ್ತರ ದಶಕದಲ್ಲಿದೆ. ಐಬಿಎಂನ ವರ್ನರ್ ಬುಕ್‌ಹೋಲ್ಜ್ 1956ರಲ್ಲಿ 'ಬೈಟ್' ಎಂಬ ಪದ ಟಂಕಿಸಿದಾಗ ಅದರಲ್ಲಿ ಎಂಟೇ ಬಿಟ್ ಇರಬೇಕೆಂಬ ಕಟ್ಟುಪಾಡೂ ಇರಲಿಲ್ಲ. 1964ರಲ್ಲಿ ಸಿಸ್ಟಂ/360 ಬಂದ ಮೇಲೆ ಎಂಟು ನೆಲೆಯಾಯಿತು. ಮೆಮೊರಿಯಲ್ಲಿ ಪ್ರತಿ ಕೋಣೆಗೂ ಒಂದು ವಿಳಾಸ, ಆ ವಿಳಾಸ ಸೊನ್ನೆ–ಒಂದುಗಳಲ್ಲಿ. ವಿಳಾಸಕ್ಕೆ ಹತ್ತು ತಂತಿ ಇದ್ದರೆ 1024 ಕೋಣೆಗಳನ್ನು ಗುರುತಿಸಬಹುದು. ಸಾವಿರಕ್ಕೇ ನಿಲ್ಲಿಸಿದರೆ 24 ವಿಳಾಸ ದಂಡ. ಎಂಜಿನಿಯರುಗಳು 1024 ಕೋಣೆಗಳನ್ನೇ ಕಟ್ಟಿದರು. ಹೆಸರಿಗೆ, ಕೈಗೆಟುಕುವಂತಿದ್ದ 'ಕಿಲೊ' ತೆಗೆದುಕೊಂಡರು.

ಇದು ಮುಂದೆ ಕಾಡುತ್ತದೆಂದು ಆಗಲೇ ಕಂಡವರಿದ್ದರು. 1968ರಲ್ಲಿ ಡೊನಾಲ್ಡ್ ಮಾರಿಸನ್ ಎಂಬವರು, 1024ಕ್ಕೆ ಗ್ರೀಕ್ ಅಕ್ಷರ 'ಕಪ್ಪಾ' ಬಳಸೋಣ, ಕಿಲೊವನ್ನು ಸಾವಿರಕ್ಕೇ ಬಿಡೋಣ ಎಂದು ಸೂಚಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವ ತುರ್ತಾದರೂ ಏನಿತ್ತು? ವ್ಯತ್ಯಾಸ ನೂರಕ್ಕೆ 2.4 ಅಷ್ಟೆ.

ಆದರೆ ಅದು ಚಕ್ರಬಡ್ಡಿಯಂತೆ ಬೆಳೆಯುವ ವ್ಯತ್ಯಾಸ. ಮೆಗಾಕ್ಕೆ ಬಂದಾಗ ನೂರಕ್ಕೆ 4.9, ಗಿಗಾದಲ್ಲಿ 7.4, ಟೆರಾದಲ್ಲಿ ಸುಮಾರು ಹತ್ತು. ಅಷ್ಟರಲ್ಲಿ ಹಾರ್ಡ್‌ಡಿಸ್ಕ್ ತಯಾರಕರು ಸಾವಿರದ ಲೆಕ್ಕವನ್ನೇ ಹಿಡಿದಿದ್ದರು. ತಟ್ಟೆಗೆ ಎಷ್ಟು ಟ್ರ್ಯಾಕ್ ಎಂಬುದನ್ನು ವಿಳಾಸದ ತಂತಿಗಳು ತೀರ್ಮಾನಿಸುವುದಿಲ್ಲವಲ್ಲ! ಸಾವಿರದ ಲೆಕ್ಕದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿ ದೊಡ್ಡದಾಗಿ ಕಾಣುತ್ತಿತ್ತು ಎಂಬುದೂ ಸುಳ್ಳಲ್ಲ.

ಪೆಟ್ಟಿಗೆಯ ಮೇಲೆ ಬರೆದಷ್ಟು ಜಾಗ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲವೆಂದು ಅಮೆರಿಕದಲ್ಲಿ ಗ್ರಾಹಕರು ಈ ತಯಾರಕರ ವಿರುದ್ಧ ಕೋರ್ಟಿಗೆ ಹೋದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ಬ್ಯಾಕಪ್ ಸಾಫ್ಟ್‌ವೇರನ್ನು ಪುಕ್ಕಟೆ ಕೊಡಲು ಒಪ್ಪಿ ರಾಜಿಯಾಯಿತು. ಮರುವರ್ಷ ಸೀಗೇಟ್, ಬೆಲೆಯ ಶೇಕಡ 5 ವಾಪಸು ಅಥವಾ ಸಾಫ್ಟ್‌ವೇರ್ ಎಂದಿತು. ನನ್ನ ಮಟ್ಟಿಗೆ ಇವರು ಕಟಕಟೆ ಹತ್ತಬೇಕಾದವರೇ ಅಲ್ಲ. ಕಿಲೊ ಎಂದರೆ ಸಾವಿರ ಎಂಬುದು ಫ್ರೆಂಚರು 1795ರಲ್ಲೇ ಕಾನೂನು ಮಾಡಿದ ಸಂಗತಿ.

ಪರಿಹಾರ ಈ ಮೊಕದ್ದಮೆಗಳಿಗೂ ಮೊದಲೇ ಬಂದಿತ್ತು. ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆಂದೇ ಕಿಬಿ, ಮೆಬಿ, ಗಿಬಿ ಎಂಬ ಹೆಸರುಗಳನ್ನು ಒಪ್ಪಿತು. ಲಿನಕ್ಸ್ ಬಳಗದಲ್ಲಿ ಅವು ಒಂದಿಷ್ಟು ಓಡಾಡಿದವು, ಜನರ ನಾಲಗೆಗೆ ಹತ್ತಲಿಲ್ಲ. ಆಪಲ್ 2009ರಲ್ಲಿ ತನ್ನ ಮ್ಯಾಕ್‌ಗಳನ್ನು ಸಾವಿರದ ಲೆಕ್ಕಕ್ಕೆ ತಿರುಗಿಸಿತು. ವಿಂಡೋಸ್ ಮಾತ್ರ ಇವತ್ತಿಗೂ 1024ರಿಂದ ಭಾಗಿಸಿ, ಮುಂದೆ 'ಜಿಬಿ' ಎಂದೇ ಬರೆಯುತ್ತದೆ. ಒಂದು ಟಿಬಿ, ಅಂದರೆ ಒಂದು ಲಕ್ಷ ಕೋಟಿ ಬೈಟ್, ಅಲ್ಲಿ 931 ಜಿಬಿ ಆಗುವುದು ಹೀಗೆ. ಡಿಸ್ಕಿನಿಂದ ಒಂದು ಬೈಟೂ ಕಳುವಾಗಿಲ್ಲ.

ಲ್ಯಾಪ್‌ಟಾಪ್ ಅಂಗಡಿಯಲ್ಲಿ '16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ' ಎಂಬ ಚೀಟಿ ಕಂಡರೆ ಮೊದಲನೆಯ ಜಿಬಿ 1024ರದ್ದು, ಎರಡನೆಯದು ಸಾವಿರದ್ದು. ಮನೆಗೆ ತಂದು ವಿಂಡೋಸ್‌ನಲ್ಲಿ ತೆರೆದರೆ 16 ಹದಿನಾರಾಗಿಯೇ ಇರುತ್ತದೆ, 512 ಮಾತ್ರ 476ರ ಆಸುಪಾಸಿಗೆ ಇಳಿದಿರುತ್ತದೆ.